ಮೂವತ್ತು ಎಂದು ಬರೆದ ಟೇಪು

ಕಳೆದ ವಾರ ಪೀಣ್ಯದ ನಮ್ಮ ಶೆಡ್ಡಿಗೆ ಹಳೆಯ ಗಿರಾಕಿ ಗಿರೀಶ್ ಸಾರ್ ಅವರ ಬಿಳಿ ಕಾರು ಮತ್ತೆ ಬಂತು. ಅವರು ಎಂಜಿನ್ ಆಫ್ ಮಾಡುವ ಮೊದಲೇ ವಾಸನೆ ಒಳಗೆ ಬಂದಿತ್ತು. ಬರೀ ಪೆಟ್ರೋಲ್ ಉರಿದರೆ ಕಣ್ಣು ಚುರುಗುಟ್ಟುತ್ತದೆ. ಎಥನಾಲ್ ಜಾಸ್ತಿ ಬೆರೆಸಿದ ಪೆಟ್ರೋಲ್ ಉರಿದರೆ ಟಿಫಿನ್ ಡಬ್ಬಿಯಲ್ಲಿ ಎರಡು ದಿನ ಮರೆತ ಬಾಳೆಹಣ್ಣಿನ ಹಾಗೆ ಒಂದು ಸಿಹಿ ವಾಸನೆ. ಬೇರೆಯವರಿಗೆ ಅದು ಇಷ್ಟವಾಗಬಹುದು. ನನಗೆ ಆ ವಾಸನೆ ಬಂದರೆ ಎರಡು ವರ್ಷದ ಹಿಂದಿನ ಮಳೆಗಾಲ ನೆನಪಾಗುತ್ತದೆ.

ಆ ಮಳೆಗಾಲ ಪೂರ್ತಿ ನಾನು ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಬೇರೆ ಏನೂ ಮಾಡಲಿಲ್ಲ ಎಂದಲ್ಲ, ಏನೇ ಮಾಡುತ್ತಿದ್ದರೂ ಒಳಗೆ ಅದೊಂದು ನಡೆಯುತ್ತಲೇ ಇತ್ತು.

ನಮ್ಮದು ಮಾಮೂಲಿ ಗ್ಯಾರೇಜ್ ಅಲ್ಲ. ಕಾರು ಕೆಟ್ಟಿದೆ ಎಂದು ಯಾರೂ ಬರುವುದಿಲ್ಲ; ಚೆನ್ನಾಗಿರುವ ಕಾರು ಇನ್ನೂ ಜೋರಾಗಿ ಓಡಬೇಕು ಎಂದು ಬರುತ್ತಾರೆ. ವೈಟ್‌ಫೀಲ್ಡ್‌ನವರು, ಎಲೆಕ್ಟ್ರಾನಿಕ್ ಸಿಟಿಯವರು, ವಾರವಿಡೀ ಟ್ರಾಫಿಕ್ಕಿನಲ್ಲಿ ತೆವಳಿ, ಶನಿವಾರ ಬೆಳಿಗ್ಗೆ ನಮ್ಮಲ್ಲಿ ವೇಗ ಕೇಳುವವರು. ಶೆಡ್ ರಿಯಾಜ್ ಭಾಯ್ ಅವರದು. ಅಲ್ಲಿ ನನ್ನ ಕೆಲಸ ಟ್ಯೂನಿಂಗ್. ಕಾರನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಹೋಗಬೇಕು, ಸ್ಪಾರ್ಕ್ ಎಷ್ಟು ಬೇಗ ಬೀಳಬೇಕು ಎನ್ನುವುದನ್ನು ಪರದೆಯ ಮೇಲಿನ ಕೋಷ್ಟಕದಲ್ಲಿ ಒಂದೊಂದೇ ಮನೆಯಾಗಿ ತುಂಬುತ್ತಾ ಹೋಗುತ್ತೇನೆ. ಇದಕ್ಕೆ ಮ್ಯಾಪ್ ಎನ್ನುತ್ತೇವೆ. ಒಂದು ಕಾರಿಗೆ ಎರಡು ಮೂರು ದಿನ ಹಿಡಿಯುತ್ತದೆ. ಮುಗಿಯುವಷ್ಟರಲ್ಲಿ ಕಿವಿ ಗುಂಯ್ ಅನ್ನುತ್ತಿರುತ್ತದೆ.

ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ, ನಾನೇ ಶುರು ಮಾಡಿದ್ದು. ಕೆಲಸ ಮುಗಿದ ಕಾರಿನ ಬಾನೆಟ್ ಒಳಗೆ ಬೆರಳಗಲದ ಒಂದು ಅಲ್ಯೂಮಿನಿಯಂ ಪಟ್ಟಿ ಹೊಡೆಯುತ್ತೇವೆ. ಅದರ ಮೇಲೆ ಟ್ಯೂನ್ ಮಾಡಿದವರ ಹೆಸರಿನ ಎರಡು ಅಕ್ಷರ. ಲೋಹದ ಮೇಲೆ ಅಕ್ಷರ ಒತ್ತುವ ಉಕ್ಕಿನ ಪಂಚುಗಳು ನನ್ನ ಅಪ್ಪನವು. ಅಪ್ಪ ಪೀಣ್ಯದಲ್ಲೇ ಲೇತ್ ಮೇಲೆ ನಿಂತು ರಿಟೈರಾದವರು, ರಾಜಗೋಪಾಲನಗರದಲ್ಲಿ ನಮ್ಮ ಮನೆ. ಅವರು ತಿರುಗಿಸಿದ ಪ್ರತಿ ಪೀಸಿನ ಮೇಲೂ ಅವರ ಗುರುತು ಇರುತ್ತಿತ್ತು. ನಾನು ಮೊದಲ ಕಾರಿಗೆ ನನ್ನ ‘ಎಸ್ ಆರ್’ ಹೊಡೆದು ಫೋಟೊ ತೋರಿಸಿದಾಗ ಅಪ್ಪ ಕನ್ನಡಕ ಏರಿಸಿ ನೋಡಿದರು.

“ನಾವು ಇದನ್ನ ಹೊಡೀತಿದ್ದಿದ್ದು ಹೆಸರು ಬರ್ಲಿ ಅಂತಲ್ಲ ಕಣಮ್ಮ. ಪೀಸ್ ವಾಪಸ್ ಬಂದ್ರೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಲಿ ಅಂತ.”

ನಾನು ನಕ್ಕೆ. ನನ್ನ ಪೀಸ್ ವಾಪಸ್ ಬರುವುದಿಲ್ಲ ಎಂಬ ಧೈರ್ಯ ನನಗಿತ್ತು.

ಆ ಮಳೆಗಾಲದ ವರ್ಷ ಬಂಕ್‌ಗಳಲ್ಲಿ ಎಲ್ಲಿ ನೋಡಿದರೂ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿತ್ತು. ಮಾಮೂಲಿ ಕಾರಿನವರು ಮೈಲೇಜ್ ಹೋಯಿತು ಎಂದು ಗೊಣಗುತ್ತಿದ್ದರು. ನಮ್ಮ ಗಿರಾಕಿಗಳು ಮಾತ್ರ ಖುಷಿಯಾಗಿ, ಇನ್ನೂ ಜಾಸ್ತಿ ಬೆರೆಸಿ ಎನ್ನುತ್ತಿದ್ದರು. ಕಾರಣ ಇದೆ. ಎಥನಾಲ್ ಎಂಜಿನ್ನನ್ನು ಒಳಗಿನಿಂದ ತಂಪಾಗಿಡುತ್ತದೆ. ತಂಪಾಗಿದ್ದರೆ ಸ್ಪಾರ್ಕನ್ನು ಇನ್ನಷ್ಟು ಬೇಗ ಕೊಡಬಹುದು, ಅಷ್ಟು ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಎಥನಾಲ್ ಇದೆ ಎಂದು ನಂಬಿ ಬೇಗ ಕೊಟ್ಟು, ಅದು ಅಷ್ಟಿಲ್ಲದೆ ಹೋದರೆ, ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದ ಹಾಗೆ ಎಂಜಿನ್ ಸದ್ದು ಮಾಡುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಪಿಸ್ಟನ್ ಒಡೆಯುತ್ತದೆ. ಹಾಗಾಗಿ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಸರಿಯಾಗಿ ಗೊತ್ತಿರಲೇಬೇಕು.

ಆ ಲೆಕ್ಕ ನೋಡಲು ರಿಯಾಜ್ ಭಾಯ್ ಒಬ್ಬನನ್ನು ಕರೆತಂದರು. ಹೆಸರು ಬಸವರಾಜ. ಮುಧೋಳದ ಕಡೆಯವನು, ಅಲ್ಲಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಎಥನಾಲ್ ತಯಾರಿಸುವ ಸ್ಪಿರಿಟ್ ವಿಭಾಗದಲ್ಲಿ ಕೆಲಸ ಮಾಡಿದ್ದವನು. ಪೀಣ್ಯದ ಯಾವುದೋ ಫ್ಯಾಕ್ಟರಿಗೆಂದು ಬಂದು, ಅದು ಹಿಡಿಸದೆ ನಮ್ಮಲ್ಲಿಗೆ ಬಂದ. ನನಗಿಂತ ಎರಡು ವರ್ಷ ಚಿಕ್ಕವನಿರಬೇಕು. ಮೊದಲ ದಿನವೇ ನನ್ನನ್ನು “ಅಕ್ಕಾರ” ಎಂದು ಕರೆದ. ಆಗ ಅದು ಚೆನ್ನಾಗಿಯೇ ಕೇಳಿಸಿತ್ತು.

ಅವನು ಮಾಡುತ್ತಿದ್ದದ್ದು ಇಷ್ಟೇ. ಉದ್ದನೆಯ ಗಾಜಿನ ಜಾಡಿ, ಅದರ ಮೇಲೆ ನೂರು ಗೆರೆ. ತಳಕ್ಕೆ ಒಂದಿಷ್ಟು ನೀರು ಹಾಕಿ, ಮೇಲೆ ನೂರರ ಗೆರೆಯವರೆಗೆ ಪೆಟ್ರೋಲ್ ತುಂಬಿ, ಬಾಯಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡುತ್ತಿದ್ದ. ಎಥನಾಲಿಗೆ ಪೆಟ್ರೋಲಿಗಿಂತ ನೀರಿನ ಸಹವಾಸವೇ ಇಷ್ಟ. ಅದು ಪೆಟ್ರೋಲನ್ನು ಬಿಟ್ಟು ಕೆಳಗಿನ ನೀರಿಗೆ ಸೇರಿಕೊಳ್ಳುತ್ತದೆ. ಜಾಡಿಯಲ್ಲಿ ಎರಡು ಪದರ ಆಗುತ್ತದೆ. ಕೆಳಗಿನ ಪದರ ಎಲ್ಲಿಯವರೆಗೆ ಏರಿದೆ ಎಂದು ನೋಡಿ ಲೆಕ್ಕ ಹೇಳುತ್ತಿದ್ದ. ಹೇಳಿ, ಕ್ಯಾನಿನ ಮೇಲೆ ಬಿಳಿ ಟೇಪು ಅಂಟಿಸಿ, ಪೆನ್ನಿನಲ್ಲಿ ಕನ್ನಡದ ಅಂಕಿಯಲ್ಲೇ ಬರೆಯುತ್ತಿದ್ದ.

ಗಿರಾಕಿಗಳಿಗೆ ಇದು ಜಾದೂ ತರಹ ಕಂಡಿತು. ನಾನು ಎರಡು ದಿನ ಕೂತು ತುಂಬಿದ ಮ್ಯಾಪ್ ಯಾರ ಕಣ್ಣಿಗೂ ಕಾಣುವುದಿಲ್ಲ. ಬಸುವಿನ ಜಾಡಿ ಎಲ್ಲರಿಗೂ ಕಾಣುತ್ತದೆ. ಅದರ ಮೇಲೆ ಅವನು ಪೆಟ್ರೋಲಿನ ಹನಿಯನ್ನು ಅಂಗೈಗೆ ಹಾಕಿ, ಉಜ್ಜಿ, ಮೂಸಿ ನೋಡಿ “ಇದು ಚಲೋ ಐತ್ರಿ” ಎನ್ನುವನು. ಮೂಸುವುದರಿಂದ ಪರ್ಸೆಂಟ್ ಗೊತ್ತಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಮೂಸುತ್ತಿದ್ದ, ಅವರು ಫೋಟೊ ತೆಗೆಯುತ್ತಿದ್ದರು.

ಗಿರೀಶ್ ಸಾರ್ ದಾವಣಗೆರೆಯ ಮನೆತನದವರು, ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಇರುವವರು. ನಾಲ್ಕು ವರ್ಷದಿಂದ ಅವರ ಕಾರು ನನ್ನ ಕೈಯಲ್ಲೇ ಇತ್ತು. ಆಷಾಢದ ಒಂದು ಶನಿವಾರ ಅವರು ಮನೆಯಿಂದ ಕ್ಯಾನ್ ತಂದಿದ್ದರು, ಅದನ್ನೇ ತುಂಬಿ ಎಂದರು. ಬಸು ಒಂದು ಗ್ಲಾಸಿಗೆ ಸುರಿದು ಬೆಳಕಿಗೆ ಹಿಡಿದ.

“ಇದು ಬ್ಯಾಡ್ರಿ ಸರ್. ಮುಚ್ಚಳ ಸಡ್ಲ ಇತ್ತೇನ್ರಿ? ಮಳಿ ಹವಾ ಕುಡದೈತಿ ಇದು. ಮಬ್ಬು ನೋಡ್ರಿ.”

ನಿಜವಾಗಿಯೂ ಗ್ಲಾಸು ಮಬ್ಬಾಗಿತ್ತು. ಗಿರೀಶ್ ಸಾರ್ ಅವನ ಬೆನ್ನು ತಟ್ಟಿ, “ಗುರು, ನೀನು ಎಂಜಿನ್ ಉಳಿಸ್ಬಿಟ್ಟೆ ಕಣೋ” ಎಂದರು. ಅವತ್ತು ಸಂಜೆ ನಾನೂ ಇದ್ದ ತಮ್ಮ ಕಾರಿನವರ ವಾಟ್ಸಾಪ್ ಗುಂಪಿಗೆ ಬಸು ಜಾಡಿ ಹಿಡಿದು ನಿಂತ ಫೋಟೊ ಹಾಕಿದರು. ಕೆಳಗೆ ಸಾಲು ಸಾಲು ಕೆಂಪು ಹೃದಯ. ಫೋಟೊದ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ನನ್ನ ಮೊಣಕೈ ಇತ್ತು. ಬಸ್ಸಿನಲ್ಲಿ ಕೂತು ಆ ಹೃದಯಗಳನ್ನು ನಾನು ಎಣಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಎರಡು ಸಲ ಎಣಿಸಿದೆ.

ಆಮೇಲೆ ಶುರುವಾಯಿತು. ಫೋನ್ ಮಾಡಿದವರೆಲ್ಲ “ಮೇಡಂ, ಬಸಣ್ಣ ಇದಾರಾ?” ಎನ್ನುವರು. ಅವನು ಬಂದು ಎರಡು ತಿಂಗಳು, ಆಗಲೇ ಅಣ್ಣ. ನಾನು ಆರು ವರ್ಷದಿಂದ ಮೇಡಂ. ಕಾರು ಚೆನ್ನಾಗಿ ಓಡಿದರೆ ಬಸಣ್ಣನ ಮಿಕ್ಸ್ ಸಕ್ಕತ್ತಾಗಿದೆ ಎನ್ನುವರು, ಸ್ವಲ್ಪ ತಡವರಿಸಿದರೆ ಮೇಡಂ ಮ್ಯಾಪ್ ಒಂಚೂರು ನೋಡಿ ಎನ್ನುವರು. ನಾನು ಹೆಂಗಸು ಎಂದೇ ಹೀಗೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದು ಸುಳ್ಳೂ ಅಲ್ಲ. ಆದರೆ ಅದರಲ್ಲಿ ಬಸುವಿನ ತಪ್ಪು ಏನೂ ಇರಲಿಲ್ಲ, ನನ್ನ ಸಿಟ್ಟು ಮಾತ್ರ ಪೂರ್ತಿ ಅವನ ಮೇಲಿತ್ತು. ಅವನು ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ “ತಗೋರಿ ಅಕ್ಕಾರ” ಎಂದರೆ, ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ. ಹೊಟ್ಟೆ ತುಂಬಿರಲಿಲ್ಲ, ಉರಿಯುತ್ತಿತ್ತು.

ಮಳೆಗಾಲದ ಕೊನೆಗೆ ಊರಾಚೆಯ ರನ್‌ವೇಯೊಂದರಲ್ಲಿ ಕಾರುಗಳ ಓಟ ಇತ್ತು. ಗಿರೀಶ್ ಸಾರ್ ಕಾರನ್ನು ಅದಕ್ಕಾಗಿಯೇ ತಂದು ಬಿಟ್ಟರು. ಬಿಡುವಾಗ ಬಾನೆಟ್ ಒಳಗೆ ಬೆರಳು ತೋರಿಸಿ ನಗುತ್ತಾ, “ಈ ಸಲ ಪ್ಲೇಟ್ ಮೇಲೆ ಬಸೂದೂ ಹೊಡೀರಿ ಮೇಡಂ. ಅರ್ಧ ಕೆಲಸ ಅವನದೇ ಅಲ್ವಾ?” ಎಂದರು.

ರಿಯಾಜ್ ಭಾಯ್ ಕೂಡ ತಲೆ ಆಡಿಸಿದರು. ನಾನು ನಕ್ಕು ಸರಿ ಸಾರ್ ಎಂದೆ. ಅಪ್ಪನ ಪಂಚುಗಳಿಂದ ಇನ್ನೊಬ್ಬರ ಹೆಸರು, ಅದೂ ನಾನೇ ಸುತ್ತಿಗೆ ಹಿಡಿದು ಹೊಡೆಯಬೇಕು. ಆ ಮಾತು ನನ್ನನ್ನು ಎರಡು ದಿನ ಕೂರಲು ಬಿಡಲಿಲ್ಲ.

ಅಷ್ಟರಲ್ಲಿ ಬಸುವಿಗೆ ಊರಿಂದ ಫೋನ್ ಬಂತು, ಹೆಂಡತಿಗೆ ಹೆರಿಗೆ ನೋವು ಎಂದು. ಹೊರಡುವ ಮೊದಲು ಅವಸರದಲ್ಲೇ ಎರಡು ಕ್ಯಾನ್ ಪೆಟ್ರೋಲ್ ಬೆರೆಸಿ, ಎರಡನ್ನೂ ಜೊತೆಗಿಟ್ಟು, ಮುಂದೆ ನಿಂತ ಕ್ಯಾನಿಗೆ ಟೇಪು ಅಂಟಿಸಿ ಹೋದ. ಒಂದು ಕ್ಯಾನ್ ಟ್ಯೂನಿಂಗಿಗೆ, ಇನ್ನೊಂದು ಓಟಕ್ಕೆ. ಟೇಪಿನ ಮೇಲೆ ಮೂವತ್ತು ಎಂದಿತ್ತು.

ಅದನ್ನು ನಂಬಿ ಕೆಲಸ ಶುರು ಮಾಡಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಅವನ ಜಾಡಿ ತೆಗೆದೆ. ತಳಕ್ಕೆ ಹತ್ತು ಗೆರೆ ನೀರು, ಮೇಲೆ ಪೆಟ್ರೋಲ್. ಕುಲುಕಿ, ಇಟ್ಟು, ಕಾದೆ. ಹೊರಗೆ ಮಳೆ ಶೀಟಿನ ಮೇಲೆ ದಬದಬ ಬೀಳುತ್ತಿತ್ತು. ಕೆಳಗಿನ ಪದರ ಮೂವತ್ತೇಳನೇ ಗೆರೆಗೆ ಬಂದು ನಿಂತಿತು.

ನೂರು ಗೆರೆಯ ಜಾಡಿಯಲ್ಲಿ ಮೂವತ್ತೇಳು! ಅವನು ಬರೆದದ್ದು ಮೂವತ್ತು.

ಆ ಹೊತ್ತು ನನಗಾದ ಸಂತೋಷವನ್ನು ಹೇಗೆ ಹೇಳಲಿ? ಬಸಣ್ಣ ತಪ್ಪಿದ್ದ. ಮೂಗಿಗೆ ಕೈ ಒಡ್ಡಿ ಫೋಟೊ ತೆಗೆಸಿಕೊಳ್ಳುವವನು ಏಳು ಪರ್ಸೆಂಟ್ ತಪ್ಪಿದ್ದ. ಟೇಪನ್ನು ಹುಷಾರಾಗಿ ಕಿತ್ತು, ಹರಿಯದಂತೆ ನನ್ನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದೆ. ಓಟ ಗೆದ್ದ ಮೇಲೆ, ಎಲ್ಲರೂ ಸೇರಿದಾಗ, ಗಿರೀಶ್ ಸಾರ್ ಎದುರಿಗೇ ತೆಗೆದು ತೋರಿಸಬೇಕು. ನೋಡಿ, ಇವರ ಲೆಕ್ಕ ನಂಬಿಕೊಂಡಿದ್ದರೆ ಗತಿ ಏನಾಗುತ್ತಿತ್ತು ಎನ್ನಬೇಕು. ಮಾತನ್ನೂ ಜೋಡಿಸಿಟ್ಟುಕೊಂಡೆ.

ಮೂವತ್ತೇಳಕ್ಕೆ ಮ್ಯಾಪ್ ಮಾಡಿದೆ. ಸ್ಪಾರ್ಕ್ ಬೇಗ ಕೊಟ್ಟೆ. ಎಥನಾಲ್ ಜಾಸ್ತಿ ಇದ್ದರೆ ಇಂಧನವೂ ಜಾಸ್ತಿ ಹೋಗಬೇಕು, ಹಾಗೇ ಕೊಟ್ಟೆ. ಹೊಗೆ ಕೊಳವೆಯ ಸೆನ್ಸರ್ ಮಾತ್ರ, ಇಂಧನ ಮಿತಿಮೀರಿದೆ, ಮಿತಿಮೀರಿದೆ ಎಂದು ತೋರಿಸುತ್ತಲೇ ಇತ್ತು. ಇಂಧನ ಚಿಮ್ಮಿಸುವ ಇಂಜೆಕ್ಟರ್ ಹೊಸದು, ಅದಕ್ಕೇ ಇರಬೇಕು ಎಂದುಕೊಂಡು ಕೈಯಾರೆ ಕಡಿಮೆ ಮಾಡಿದೆ. ಬೇರೆ ಯಾವ ದಿನವಾಗಿದ್ದರೂ ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ನೋಡುತ್ತಿದ್ದೆ. ಮಳೆಯ ತಣ್ಣನೆ ಗಾಳಿಯಲ್ಲಿ ಎಂಜಿನ್ ಆ ಕಲ್ಲಿನ ಸದ್ದಿಲ್ಲದೆ ಎಳೆಯಿತು. ಆ ಕಾರು ಅಷ್ಟು ಶಕ್ತಿ ತೋರಿಸಿದ್ದು ಅದೇ ಮೊದಲು.

ಓಟದ ಹಿಂದಿನ ದಿನ ಬಸು ಮರಳಿದ. ಹೆಣ್ಣು ಮಗು. ಕರದಂಟಿನ ಡಬ್ಬಿ ತೆಗೆದು ಮೊದಲು ನನಗೇ ಕೊಟ್ಟ. ತಿನ್ನುತ್ತಾ ಅವನು ಕೇಳಿದ, “ಮ್ಯಾಪ್ ಆತೇನ್ರಿ ಅಕ್ಕಾರ? ಮೂವತ್ತಕ್ಕ ಚಲೋ ಬಂತೇನ್ರಿ?”

“ಹೂಂ, ಬಂತು” ಎಂದೆ.

ಅವತ್ತೇ ಟೇಪು ತೋರಿಸಿ, ನಿಮ್ಮ ಲೆಕ್ಕ ತಪ್ಪು ಎಂದು ಜಗಳ ಆಡಿದ್ದರೂ ಸಾಕಿತ್ತು. ಒಂದು ನಿಮಿಷದಲ್ಲಿ ಅವನು ನನ್ನ ತಪ್ಪು ಹಿಡಿಯುತ್ತಿದ್ದ, ಎಂಜಿನ್ ಉಳಿಯುತ್ತಿತ್ತು. ಆದರೆ ನನಗೆ ನೋಡುವ ಜನ ಬೇಕಿತ್ತು, ಎದುರಿಗೆ ಗಿರೀಶ್ ಸಾರ್ ಬೇಕಿತ್ತು. ಕರದಂಟು ಚೆನ್ನಾಗಿತ್ತು, ಎರಡು ತುಂಡು ತಿಂದೆ.

ಓಟದ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ರನ್‌ವೇಯ ಸಿಮೆಂಟಿನಿಂದ ಝಳ ಏಳುತ್ತಿತ್ತು. ಮೊದಲ ಓಟದಲ್ಲಿ ಬಿಳಿ ಕಾರು ಎಲ್ಲರಿಗಿಂತ ಮುಂದೆ ಬಂತು. ಎರಡನೆಯದರಲ್ಲಿ ಅರ್ಧ ದಾರಿಯಲ್ಲಿ ಆ ಸದ್ದು ಕೇಳಿಸಿತು, ಡಬ್ಬಿಯಲ್ಲಿ ಕಲ್ಲು ಕುಲುಕಿದ್ದು. ನನ್ನ ಪಕ್ಕದಲ್ಲಿದ್ದ ಬಸು “ಬಿಡ್ರಿ ಸರ್, ಕಾಲ್ ತಗೀರಿ!” ಎಂದು ಕೂಗಿದ, ಅಷ್ಟು ದೂರ ಕೇಳುವುದಿಲ್ಲ ಎಂದು ಗೊತ್ತಿದ್ದರೂ. ಮರುಕ್ಷಣ ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು.

ಸೋಮವಾರ ಎಂಜಿನ್ ಬಿಚ್ಚಿದೆವು. ಮೂರನೇ ಪಿಸ್ಟನ್ ಅಂಚು ಒಡೆದಿತ್ತು. ಗಿರೀಶ್ ಸಾರ್ ಬೈಯಲಿಲ್ಲ, ಸುಮ್ಮನೆ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತರು. ರಿಯಾಜ್ ಭಾಯ್ ಬಸುವನ್ನು ಕೇಳಿದರು.

“ಎಷ್ಟಪ್ಪ ಮಿಕ್ಸ್ ಮಾಡಿದ್ದೆ ನೀನು?”

“ಮೂವತ್ರಿ ಭಾಯ್. ಟೇಪಿನ ಮ್ಯಾಲೆ ಬರದಿದ್ನಲ್ರಿ.”

“ಸುಮಿ ಮೂವತ್ತೇಳು ಅಂತಾಳಲ್ಲ?” ಎಂದು ಭಾಯ್ ನನ್ನ ಕಡೆ ಕೈ ತೋರಿಸಿದರು.

ನಾನು ಕಾಯುತ್ತಿದ್ದ ಗಳಿಗೆ ಅದೇ. ಓಟ ಗೆಲ್ಲದಿದ್ದರೇನು, ತಪ್ಪು ಅವನದೇ. ಟೂಲ್ ಬಾಕ್ಸಿನ ಚಿಲಕಕ್ಕೆ ಕೈ ಹಾಕಿದೆ. ಆಗ ಬಸು ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದ.

“ಅಕ್ಕಾರ, ನೀರು ಕಳದ್ರೇನ್ರಿ?”

ನನ್ನ ಕೈ ಅಲ್ಲೇ ನಿಂತಿತು. ಜಾಡಿಗೆ ಮೊದಲು ನಾನೇ ಹಾಕಿದ ಹತ್ತು ಗೆರೆ ನೀರು. ಮೂವತ್ತೇಳರಲ್ಲಿ ಅದನ್ನು ಕಳೆಯಬೇಕು, ಉಳಿಯುವುದು ಇಪ್ಪತ್ತೇಳು. ಜಾಡಿಯಲ್ಲಿ ಪೆಟ್ರೋಲ್ ಇದ್ದದ್ದು ತೊಂಬತ್ತು ಗೆರೆ. ತೊಂಬತ್ತರಲ್ಲಿ ಇಪ್ಪತ್ತೇಳು ಅಂದರೆ ನೂರಕ್ಕೆ ಮೂವತ್ತು. ಸರಿಯಾಗಿ ಮೂವತ್ತು. ಶಾಲೆಯ ಮಕ್ಕಳು ಮಾಡುವ ಲೆಕ್ಕ. ಅವನ ತಪ್ಪು ಸಿಕ್ಕಿತೆಂಬ ಖುಷಿಯಲ್ಲಿ ನನ್ನ ಲೆಕ್ಕವನ್ನು ಇನ್ನೊಮ್ಮೆ ನೋಡಿರಲೇ ಇಲ್ಲ.

ಚಿಲಕದಿಂದ ಕೈ ತೆಗೆದೆ.

“ಕಳೆದಿದ್ದೀನಿ” ಎಂದೆ. “ಕಳೆದ ಮೇಲೇನೇ ಮೂವತ್ತೇಳು ಬಂದಿದ್ದು. ಕ್ಯಾನ್ ಮೇಲೆ ಟೇಪೂ ಇರ್ಲಿಲ್ಲ ಭಾಯ್.”

ಎರಡು ಕ್ಯಾನುಗಳೂ ಆಗಲೇ ಖಾಲಿ. ನೋಡಲು ಏನೂ ಉಳಿದಿರಲಿಲ್ಲ. ಹೆರಿಗೆಯ ಗಾಬರಿಯಲ್ಲಿ ಬಸು ಎರಡನ್ನೂ ಒಂದೇ ಸಮ ಬೆರೆಸಿಲ್ಲ, ಓಟದ ಕ್ಯಾನಿನಲ್ಲಿ ಎಥನಾಲ್ ಕಡಿಮೆ ಬಿದ್ದಿದೆ ಎಂದು ರಿಯಾಜ್ ಭಾಯ್ ತೀರ್ಮಾನ ಮಾಡಿದರು. ಆರು ವರ್ಷದ ನನ್ನ ಮಾತಿನ ಮುಂದೆ ಒಂದು ಮಳೆಗಾಲದ ಅವನ ಮಾತು ಎಷ್ಟರದು? ಬಸು ನನ್ನನ್ನು ನೋಡಿದ, ಖಾಲಿ ಕ್ಯಾನುಗಳನ್ನು ನೋಡಿದ. “ಹಂಗಾರ ನಂದ ತಪ್ಪು ಬಿಡ್ರಿ” ಎಂದು ಕೈ ಒರೆಸಿಕೊಂಡ. ಆ ವಾರವೇ ಬಿಟ್ಟು ಹೋದ. ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯೊಂದರ ಸ್ಟೋರ್ಸಿಗೆ ಸೇರಿದ ಎಂದು ಆಮೇಲೆ ತಿಳಿಯಿತು.

ಹೊಸ ಪಿಸ್ಟನ್ ಹಾಕಿ, ಸರಿಯಾಗಿ ಮೂವತ್ತಕ್ಕೆ ಮ್ಯಾಪ್ ಮಾಡಿ, ನನ್ನೊಬ್ಬಳದೇ ಪಟ್ಟಿ ಹೊಡೆದೆ. ‘ಎಸ್ ಆರ್’. ಕಾರು ಅವತ್ತಿನಿಂದ ಚೆನ್ನಾಗಿಯೇ ಓಡುತ್ತಿದೆ.

ಹೋದ ವಾರ ಅದೇ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಗಿರೀಶ್ ಸಾರ್ ಅಂದರು, “ಪಾಪ ಆ ಬಸು. ಒಳ್ಳೆ ಹುಡುಗ. ಅದೊಂದು ತಪ್ಪು ಮಾಡ್ಕೊಂಡ.”

ಎರಡು ವರ್ಷ ಕಳೆದರೂ ಅವರಿಗೆ ಅವನದೇ ನೆನಪು. ನನಗೆ ಮೊದಲು ಬಂದದ್ದು ಆ ಹಳೆಯ ಉರಿಯೇ. ನಾಚಿಕೆ ಬಂದದ್ದು ಅದರ ಹಿಂದೆ. ಅಪ್ಪ ಹೇಳಿದ್ದ ಮಾತು ಆಗ ತಾಗಿತು. ನನ್ನ ಪೀಸ್ ವಾಪಸ್ ಬಂದಿತ್ತು, ಗುರುತೂ ನನ್ನದೇ ಇತ್ತು, ಬೈಗುಳ ಮಾತ್ರ ಬೇರೆಯವನಿಗೆ ಹೋಗಿತ್ತು.

ಅವತ್ತು ಮಧ್ಯಾಹ್ನ ರಿಯಾಜ್ ಭಾಯ್‌ಗೆ ಎಲ್ಲ ಹೇಳಿದೆ. ಅವರು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದವರು ತೊಳೆಯುತ್ತಲೇ ಇದ್ದರು. ಕೊನೆಗೆ ನಲ್ಲಿ ನಿಲ್ಲಿಸಿ, “ಗಿರೀಶ್ ಸಾರ್‌ಗೆ ನಾನು ಹೇಳ್ತೀನಿ. ಅವನಿಗೆ ನೀನೇ ಹೋಗಿ ಹೇಳಮ್ಮ” ಎಂದರು. ನನ್ನ ಮುಖ ನೋಡಲಿಲ್ಲ.

ಶನಿವಾರ ಮೆಟ್ರೊದಲ್ಲಿ ಬೊಮ್ಮಸಂದ್ರಕ್ಕೆ ಹೋದೆ. ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟ್ ಬಿಟ್ಟಿತ್ತು. ಫೋನಿನಲ್ಲಿ ಹೇಳಿದ್ದಂತೆ ಗೇಟಿನ ಎದುರಿನ ಚಹಾ ಅಂಗಡಿಗೆ ಬಸು ಬಂದ. ಸ್ವಲ್ಪ ದಪ್ಪಗಾಗಿದ್ದ. ದಾರಿಯಲ್ಲಿ ಇಬ್ಬರು “ಬಸಣ್ಣ” ಎಂದು ಕೂಗಿ ಮಾತಾಡಿಸಿದರು. ಅಲ್ಲೂ ಅಣ್ಣ ಆಗಿಬಿಟ್ಟಿದ್ದಾನೆ ಎಂದು ಒಳಗೆ ಚುರ್ ಎಂದಿತು. ತಪ್ಪು ಒಪ್ಪಿಕೊಳ್ಳಲು ಬಂದವಳಿಗೂ ಅದು ತಪ್ಪಲಿಲ್ಲ.

ಎಲ್ಲ ಹೇಳಿದೆ. ನೀರು ಕಳೆಯಲಿಲ್ಲ ಎಂದು, ಟೇಪು ನಾನೇ ಕಿತ್ತೆ ಎಂದು, ಕೇಳಿದಾಗ ಸುಳ್ಳು ಹೇಳಿದೆ ಎಂದು. ಬ್ಯಾಗಿನಿಂದ ಒಂದು ಹೊಸ ಅಲ್ಯೂಮಿನಿಯಂ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಅದರ ಮೇಲೆ ಅವನ ಹೆಸರಿನ ಅಕ್ಷರ ಹೊಡೆದಿದ್ದೆ.

“ಗಿರೀಶ್ ಸಾರ್ ಕಾರಿಗೆ ಇದನ್ನ ಹಾಕ್ತೀನಿ.”

ಅವನು ಅದನ್ನು ತಿರುಗಿಸಿ ನೋಡಿ ನನ್ನ ಕಡೆಗೇ ಸರಿಸಿದ. “ಬ್ಯಾಡ್ರಿ. ನೀವು ಒಡದ ಎಂಜಿನ್ ಮ್ಯಾಲೆ ನನ್ನ ಹೆಸರು ಯಾಕ್ರಿ?”

ಉಳಿದ ಚಹಾ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು ಅವನೇ ಅಂದ, “ನನಗ ಗೊತ್ತಿತ್ರಿ ಅಕ್ಕಾರ. ಕಡೀ ದಿನ ನಿಮ್ಮ ಸ್ಪ್ಯಾನರ್ ವಾಪಸ್ ಇಡಾಕ ಪೆಟಗಿ ತಗದಿದ್ದೆ. ಮುಚ್ಚಳದಾಗ ಇತ್ತಲ್ರಿ, ನಾ ಬರದದ್ದು.”

“ಮತ್ತೆ ಯಾಕೆ ಭಾಯ್‌ಗೆ ತೋರಿಸ್ಲಿಲ್ಲ? ಕಿತ್ಕೊಂಡು ಹೋಗ್ಬಹುದಿತ್ತಲ್ಲ?”

ಅವನು ಎದ್ದು ನಿಂತ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

“ಕೀಳಾಕ ಕೈ ಹಾಕಿದ್ದೆ ರೀ. ಆಮ್ಯಾಲ, ದಿನಾ ತಗಿಯೂ ಪೆಟಗಿ, ಇವರು ದಿನಾ ನೋಡ್ಲಿ ಅಂತ ಬಿಟ್ಟು ಬಂದೆ.”

ನಾನು ದಿನಾ ನೋಡಿದ್ದೆ. ಎರಡು ವರ್ಷ, ಪ್ರತಿ ಬೆಳಿಗ್ಗೆ, ಸ್ಪ್ಯಾನರ್ ತೆಗೆಯುವ ಮೊದಲು. ಸೋಮವಾರ ಶೆಡ್ಡಿಗೆ ಹೋಗಿ ಮುಚ್ಚಳ ತೆರೆದೆ. ಟೇಪು ಹಳದಿಯಾಗಿದೆ, ಅಂಕಿ ಮಾಸಿಲ್ಲ. ಅದನ್ನು ಕೀಳಲಿಲ್ಲ.